ಎರಡು ವರ್ಷ ಯಾರೂ ಒಯ್ಯದ ಹಸಿರು ಪುಸ್ತಕ

ಇಪ್ಪತ್ತಾರು ವರ್ಷದ ಲೈಬ್ರರಿ ಕೆಲಸದಲ್ಲಿ ನಾನು ನಂಬಿದ್ದು ಒಂದೇ ದೇವರನ್ನು. ಒಂದು ಪುಸ್ತಕ ವರ್ಷಕ್ಕೆ ಎಷ್ಟು ಸಲ ಇಶ್ಯೂ ಆಯಿತು ಎಂಬ ಸಂಖ್ಯೆಯೇ ಆ ದೇವರು. ಜನ ಬಾಯಲ್ಲಿ ಏನು ಬೇಕಾದರೂ ಹೇಳುತ್ತಾರೆ. ವಿರಾಬಿ ಎಂಬ ನಮ್ಮ ಗೋಧಿ ಊರಿನವರಂತೂ ಕೌಂಟರಿನ ಮುಂದೆ ನಿಂತು "ಇತಿಹಾಸದ್ದು ಏನಾದ್ರೂ ಗಟ್ಟಿಯಾಗಿರೋದು ಕೊಡಮ್ಮ" ಎಂದು ನಾಲ್ಕು ಜನಕ್ಕೆ ಕೇಳಿಸುವ ಹಾಗೆ ಹೇಳಿ, ಹೋಗುವಾಗ ಮೂರು ಕೊಲೆ ಕಾದಂಬರಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಾರೆ. ಆದ್ದರಿಂದ ನಾನು ಬಾಯನ್ನು ನಂಬುವವಳಲ್ಲ, ಬಾರ್‌ಕೋಡನ್ನು ನಂಬುವವಳು. ಅದು ಸುಳ್ಳು ಹೇಳುವುದಿಲ್ಲ ಎಂದು ತಿಳಿದಿದ್ದೆ.

ಎರಡು ಸಾವಿರದ ಒಂದರಲ್ಲಿ ಕೌನ್ಸಿಲ್‌ನವರು ಲೈಬ್ರರಿಗೆ ಒಂದು ಕಪಾಟಿನಷ್ಟು ಕಂಪ್ಯೂಟರ್ ಪುಸ್ತಕ ತರಿಸಿ ಎಂದರು. ಅದೇ ವರ್ಷ ಶಾಲೆಯವರು ತಮಗೆ ಬೇಡವಾದ ಒಂದು ಕಂಪ್ಯೂಟರನ್ನು ನಮಗೆ ದಾಟಿಸಿದ್ದರು. ಅದರೊಳಗೆ ಇದ್ದದ್ದು ಎಲ್ಲರ ಮನೆಯಲ್ಲಿ ಇರುವಂಥದ್ದಲ್ಲ, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ. ಕಪ್ಪು ಪರದೆ, ಮೂಲೆಯಲ್ಲಿ ಮಿಣುಕು ಮಿಣುಕು ಎನ್ನುವ ಒಂದು ಗೆರೆ, ಅಷ್ಟೆ. ನಾವು ಏನಾದರೂ ಬರೆದರೆ ಉಂಟು, ಇಲ್ಲದಿದ್ದರೆ ಸಂಜೆಯವರೆಗೂ ಅದು ಹಾಗೇ ಮಿಣುಕುತ್ತಾ ಕೂತಿರುತ್ತದೆ. ಮಕ್ಕಳು ಬಂದು ನೋಡಿ ಆಟ ಇಲ್ಲವೆಂದು ಹೊರಟುಹೋದರು. ನಾನು ಅದನ್ನು ಕಿಟಕಿಯ ಪಕ್ಕಕ್ಕೆ ಸರಿಸಿ, ಮೇಲೊಂದು ಬಟ್ಟೆ ಹೊದಿಸಿ ಸುಮ್ಮನಾದೆ.

ಪುಸ್ತಕ ಆರಿಸಬೇಕಲ್ಲ? ನನಗೋ ಕಂಪ್ಯೂಟರಿನ ಗಂಧಗಾಳಿ ಇಲ್ಲ. ಊರಲ್ಲಿ ಅದನ್ನು ಬಲ್ಲವನೆಂದರೆ ಒಬ್ಬನೇ, ಮರ್ವ್ ಟಿಲ್‌ಬ್ರೂಕ್. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು, ವಯಸ್ಸು ಎಪ್ಪತ್ತೊಂದು, ಚಡ್ಡಿ, ಮೊಣಕಾಲಿನ ತನಕ ಎಳೆದ ಬಿಳಿ ಕಾಲುಚೀಲ, ಜೇಬಿನಲ್ಲಿ ನಾಲ್ಕು ಪೆನ್ನು. ಶನಿವಾರ ಬೌಲಿಂಗ್ ಕ್ಲಬ್ಬಿನ ಹಿಂದಿನ ಹಾಲ್‌ನಲ್ಲಿ ಕಂಪ್ಯೂಟರ್ ಸಂಘ ನಡೆಸುತ್ತಿದ್ದ. ಅಲ್ಲಿ ಅವನು ಮಾತಾಡುತ್ತಿದ್ದ, ಉಳಿದವರು ಚಹಾ ಕುಡಿಯುತ್ತಿದ್ದರು.

"ನೋಡು ಗ್ವೆಂಡಾ, ಕಂಪ್ಯೂಟರ್ ಪುಸ್ತಕದಲ್ಲಿ ಮೂರು ಜಾತಿ," ಎಂದ ಮರ್ವ್, ನನ್ನ ಕೌಂಟರಿನ ಮೇಲೆ ಮೊಣಕೈ ಊರಿ. "ತೆಳ್ಳಗಿರೋದು ದಡ್ಡರಿಗೆ. ಚಿತ್ರ ಇರೋದು ಸೋಮಾರಿಗಳಿಗೆ. ದಪ್ಪಗಿರೋದು ನಿಜವಾಗ್ಲೂ ಕಲೀಬೇಕು ಅನ್ನೋರಿಗೆ."

"ನೀವು ಯಾವುದು ಓದಿ ಕಲಿತ್ರಿ?"

"ನಾನು ಓದೋ ಕಾಲ ಮುಗೀತು ಕಣಮ್ಮ. ಈಗ ನಂದು ಹೇಳೋ ಕಾಲ."

ಅವನ ಮಾತಿನಂತೆ ಲಿನಕ್ಸ್ ಬಗ್ಗೆ ಒಂದು ಕೆಂಪು ಪುಸ್ತಕ ತರಿಸಿದೆ. ಸಾವಿರದ ನಾನೂರು ಪುಟ, ಗೋಧಿ ಮೂಟೆ ಎತ್ತಿ ಅಭ್ಯಾಸವಿದ್ದವರೇ ಎತ್ತಬೇಕು. ಬಂದ ದಿನವೇ ಮರ್ವ್ ಅದನ್ನು ಒಯ್ದ. ಮೊದಲು ತಾನು ಪರೀಕ್ಷಿಸಿ ಹೇಳುತ್ತೇನೆ, ಆಮೇಲೆ ಊರಿನವರು ಓದಲಿ ಎಂದ. ಮೂರು ವಾರಕ್ಕೊಮ್ಮೆ ತಪ್ಪದೆ ಫೋನ್ ಮಾಡಿ "ಇನ್ನೂ ನಡೀತಿದೆ ಗ್ವೆಂಡಾ, ಮುಂದುವರಿಸು" ಎನ್ನುತ್ತಿದ್ದ. ನಾನು ಮುಂದುವರಿಸುತ್ತಿದ್ದೆ. ನಮ್ಮ ಪದ್ಧತಿಯಲ್ಲಿ ಹಾಗೆ ಒಮ್ಮೆ ಮುಂದುವರಿಸಿದರೂ ಅದು ಹೊಸದಾಗಿ ಒಂದು ಸಲ ಇಶ್ಯೂ ಆದಂತೆಯೇ. ವರ್ಷ ಮುಗಿಯುವ ಹೊತ್ತಿಗೆ ಕೆಂಪು ಪುಸ್ತಕ ಹದಿನೇಳು ಸಲ ಇಶ್ಯೂ ಆಗಿ, ಕುರಿ ರೋಗದ ಪುಸ್ತಕವನ್ನೂ ಕೇಕ್ ಮಾಡುವ ಪುಸ್ತಕವನ್ನೂ ಹಿಂದೆ ಹಾಕಿ, ಕಾದಂಬರಿಯಲ್ಲದ ಪುಸ್ತಕಗಳಲ್ಲಿ ಮೊದಲನೆಯದಾಯಿತು. ನನ್ನ ವಾರ್ಷಿಕ ವರದಿಯಲ್ಲಿ ನಾನು ಬರೆದೆ: ವಿರಾಬಿಯ ಜನ ಲಿನಕ್ಸ್ ಕಲಿಯಲು ತುದಿಗಾಲಲ್ಲಿ ನಿಂತಿದ್ದಾರೆ. ಕೌನ್ಸಿಲ್ ಅಧ್ಯಕ್ಷರು ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದರಂತೆ. ನನಗೆ ಹಿಗ್ಗೋ ಹಿಗ್ಗು. ಅದೇ ಪುಸ್ತಕದ ಹೊಸ ಮುದ್ರಣವನ್ನೂ ತರಿಸಿದೆ. ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸವೆಂದು ಹೋಲಿಸಿ ನೋಡಬೇಕು ಎಂದು ಮರ್ವ್ ಅದನ್ನೂ ಒಯ್ದ. ವಿದ್ವತ್ತು ಎಂದರೆ ಹೀಗಿರಬೇಕು ಎಂದುಕೊಂಡೆ.

ಈಗ ನೋಲೀನ್ ಕ್ರೂಗರ್ ವಿಷಯಕ್ಕೆ ಬರುತ್ತೇನೆ. ಅವಳೂ ನಾನೂ ಒಂದೇ ಶಾಲೆಯವರು, ನನಗಿಂತ ಎರಡು ತರಗತಿ ಕೆಳಗಿದ್ದಳು. ಊರಾಚೆಯ ರೈಲುಹಳಿಯ ಪಕ್ಕದ ದೊಡ್ಡ ಗೋಧಿ ಕಣಜಗಳ ಹತ್ತಿರ ವೇಬ್ರಿಜ್ ಇದೆಯಲ್ಲ, ಅಲ್ಲಿ ಇಪ್ಪತ್ತೆರಡು ಸುಗ್ಗಿಯಿಂದ ಲಾರಿ ತೂಗುವವಳು ಅವಳೇ. ಗಂಡ ಕಾಲಿನ್ ಬೆನ್ನು ನೋವಿನಿಂದ ಕೆಲಸ ಬಿಟ್ಟು ಮನೆಯಲ್ಲಿ ಟೊಮೆಟೊ ಬೆಳೆಯುತ್ತಾನೆ. ಸಂಸಾರ ನಡೆಯುವುದು ಆ ವೇಬ್ರಿಜ್ಜಿನ ಮೇಲೆ. ಅದೇ ಎರಡು ಸಾವಿರದ ಒಂದರಲ್ಲಿ ಕಣಜದ ಕಂಪನಿಯವರು ಅಡಿಲೇಡ್ ಪಟ್ಟಣದಿಂದ ಒಂದು ಕಾಗದ ಕಳಿಸಿದ್ದರು. ಎರಡು ಸಾವಿರದ ಮೂರರ ಸುಗ್ಗಿಗೆ ಎಲ್ಲ ವೇಬ್ರಿಜ್ಜಿನ ಕಂಪ್ಯೂಟರುಗಳೂ ಲಿನಕ್ಸ್‌ಗೆ ಬದಲಾಗುತ್ತವೆ. ಕೆಟ್ಟರೆ ರಿಪೇರಿಗೆ ಪಟ್ಟಣದಿಂದ ಆರು ಗಂಟೆಯ ದಾರಿ ಯಾರೂ ಬರುವುದಿಲ್ಲ, ಅಲ್ಲಿಯವರೇ ಸರಿಮಾಡಬೇಕು. ಸುಗ್ಗಿಗೆ ಮುಂಚೆ ಪರೀಕ್ಷೆ. ಪಾಸಾದರೆ ಕೆಲಸ ಉಂಟು. ಇಲ್ಲದಿದ್ದರೆ ವಿರಾಬಿಯ ವೇಬ್ರಿಜ್ ಮುಚ್ಚಿ, ಲಾರಿಗಳೆಲ್ಲ ಎಪ್ಪತ್ತು ಕಿಲೋಮೀಟರ್ ಆಚೆಯ ಊರಿಗೆ ಹೋಗಬೇಕು.

ಕಾಗದ ಬಂದ ವಾರವೇ ನೋಲೀನ್ ಲೈಬ್ರರಿಗೆ ಬಂದು ಕಿಟಕಿಯ ಪಕ್ಕದ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದಳು. ಆವತ್ತಿನಿಂದ ಸುಗ್ಗಿಯ ತಿಂಗಳುಗಳನ್ನು ಬಿಟ್ಟರೆ ದಿನಾ ಮಧ್ಯಾಹ್ನ ಬರುತ್ತಿದ್ದಳು. ಹೊರಗಿನ ಬೆಂಚಿನ ಮೇಲೆ ಐದು ನಿಮಿಷದಲ್ಲಿ ಸ್ಯಾಂಡ್‌ವಿಚ್ ನುಂಗಿ, ಕೈ ತೊಳೆದು, ಒಂದೂಕಾಲರವರೆಗೆ ಆ ಕಪ್ಪು ಪರದೆಯ ಮುಂದೆ ಕೂರುತ್ತಿದ್ದಳು. ಪಕ್ಕದಲ್ಲಿ ಏನೋ ಒಂದು ಪುಸ್ತಕ ತೆರೆದಿರುತ್ತಿತ್ತು. ಪಾಪ, ಕೆಂಪು ಪುಸ್ತಕ ಸಿಗುವವರೆಗೆ ಯಾವುದೋ ಒಂದರಲ್ಲಿ ಕಾಲ ತಳ್ಳುತ್ತಿದ್ದಾಳೆ ಎಂದು ನಾನು ಮರುಗಿದೆ.

"ಕೆಂಪು ಪುಸ್ತಕಕ್ಕೆ ನಿನ್ನ ಹೆಸರು ಬರೆದಿಡ್ಲೇನೇ? ಮರ್ವ್‌ಗೆ ಹೇಳಿ ತರಿಸ್ತೀನಿ."

"ಬೇಡ ಕಣೇ, ಅವರು ಓದ್ಲಿ. ನನಗಿದು ಸಾಕು."

"ಅದನ್ನಾದ್ರೂ ಮನೆಗೆ ತಗೊಂಡೋಗು."

"ಮನೇಲಿ ಕಂಪ್ಯೂಟರ್ ಎಲ್ಲಿದೆ? ಪುಸ್ತಕ ಇಟ್ಕೊಂಡು ಟೊಮೆಟೊ ಗಿಡಕ್ಕೆ ಲಿನಕ್ಸ್ ಹೇಳ್ಕೊಡ್ಲಾ? ಇಲ್ಲೇ ಇರ್ಲಿ, ಬೇರೆಯವರಿಗೂ ಬೇಕಾಗಬಹುದು."

ಹೋಗುವಾಗ ಆ ಪುಸ್ತಕವನ್ನು ಎಲ್ಲಿಂದ ತೆಗೆದಿದ್ದಳೋ ಅದೇ ಜಾಗದಲ್ಲಿ, ಬೆನ್ನು ಸಾಲಿಗೆ ಸರಿಯಾಗಿ ಇಟ್ಟು ಹೋಗುತ್ತಿದ್ದಳು. ನಮ್ಮ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದೆ, ಓದಿದ ಪುಸ್ತಕವನ್ನು ಕಪಾಟಿಗೆ ಸೇರಿಸಬೇಡಿ, ಟ್ರಾಲಿಯ ಮೇಲೆ ಬಿಡಿ ಎಂದು. ಸಂಜೆ ಟ್ರಾಲಿಯ ಮೇಲಿರುವುದನ್ನೆಲ್ಲ ಯಂತ್ರಕ್ಕೆ ತೋರಿಸಿದರೆ ಅವೂ ಓದಿದ ಲೆಕ್ಕಕ್ಕೆ ಸೇರುತ್ತವೆ. ಬೋರ್ಡು ಬರೆಸಿದವಳು ನಾನೇ. ಆದರೆ ನೋಲೀನ್‌ಳನ್ನು ನಾನು ತಡೆಯಲಿಲ್ಲ.

"ತಗೊಂಡಿದ್ದನ್ನ ತಗೊಂಡ ಜಾಗದಲ್ಲಿ ಇಡದೇ ಹೋದ್ರೆ ನಮ್ಮಮ್ಮ ಸಮಾಧಿಯಿಂದ ಎದ್ದು ಬಂದು ಬೈತಾಳೆ" ಎನ್ನುತ್ತಿದ್ದಳು. ಇಡೀ ಊರಿನಲ್ಲಿ ಇವಳೊಬ್ಬಳೇ ಶಿಸ್ತಿನವಳು ಎಂದು ನಾನು ನಾಲ್ಕು ಜನರ ಮುಂದೆ ಹೊಗಳಿದ್ದೂ ಉಂಟು.

ಆ ಕಂಪ್ಯೂಟರ್ ಮಾತ್ರ ಮೇಲಿಂದ ಮೇಲೆ ಕೆಡುತ್ತಿತ್ತು. ಸಂಜೆ ಮುಚ್ಚಲು ಹೋದರೆ ಪರದೆಯ ತುಂಬ ಏನೇನೋ ದೂರು. ನಾನು ಮರ್ವ್‌ಗೆ ಫೋನ್ ಮಾಡುತ್ತಿದ್ದೆ. ಅವನು ಮರುದಿನ ಮೂರು ಗಂಟೆಗೆ ಬಂದು ನೋಡುವಷ್ಟರಲ್ಲಿ ಅದು ಸರಿಯಾಗಿ ಮಿಣುಕುತ್ತಾ ಕೂತಿರುತ್ತಿತ್ತು. ಅವನು ಪೆಟ್ಟಿಗೆಯ ಬೆನ್ನು ತಟ್ಟಿ, ಒಂದೆರಡು ತಂತಿ ಮುಟ್ಟಿ, "ಈಗ ಸರಿಹೋಯ್ತು" ಎನ್ನುತ್ತಿದ್ದ. ಅವನ ಕೈಗುಣಕ್ಕೆ ನಾನು ಲ್ಯಾಮಿಂಗ್ಟನ್ ಕೇಕ್ ಕೊಟ್ಟು ಕಳಿಸುತ್ತಿದ್ದೆ.

ಎರಡು ಸಾವಿರದ ಮೂರರ ಸೆಪ್ಟೆಂಬರಿನಲ್ಲಿ ನಮ್ಮ ಕಪಾಟುಗಳು ತುಂಬಿ ತುಳುಕುತ್ತಿದ್ದವು. ಎಲ್ಲ ಲೈಬ್ರರಿಗಳಲ್ಲೂ ಆಗಾಗ ಕಳೆ ಕೀಳಬೇಕು. ನಿಯಮ ಸರಳ, ಎರಡು ವರ್ಷ ಒಂದು ಸಲವೂ ಇಶ್ಯೂ ಆಗದ ಪುಸ್ತಕ ಕಪಾಟು ಬಿಡಬೇಕು. ಯಂತ್ರ ಪಟ್ಟಿ ಕೊಡುತ್ತದೆ, ನಾನು ಪಟ್ಟಿ ಹಿಡಿದು ಕೀಳುತ್ತೇನೆ. ಕೆಲವರಿಗೆ ಈ ಕೆಲಸ ಸಂಕಟವಂತೆ. ನನಗೆ ಮನೆ ಗುಡಿಸಿದಷ್ಟು ಸುಖ. ಒಂದು ಶುಕ್ರವಾರ ಸಂಜೆಯ ಪಟ್ಟಿಯಲ್ಲಿ ತೆಳ್ಳಗಿನ ಹಸಿರು ಪುಸ್ತಕವೊಂದಿತ್ತು, ಯಾರೋ ಮೇಷ್ಟ್ರು ವರ್ಗವಾಗಿ ಹೋಗುವಾಗ ಕೊಟ್ಟ ಪೆಟ್ಟಿಗೆಯಲ್ಲಿ ಬಂದದ್ದು. ನ್ಯೂಜಿಲೆಂಡಿನ ಯಾವುದೋ ಸಂಜೆ ಕಾಲೇಜಿನವರು ಲಿನಕ್ಸ್ ಬಗ್ಗೆ ಅಚ್ಚು ಹಾಕಿಸಿದ್ದು, ನೂರಾ ಎಂಬತ್ತು ಪುಟ, ಸುರುಳಿ ತಂತಿಯ ಬೆನ್ನು. ಇಶ್ಯೂ: ಸೊನ್ನೆ. ತೆಳ್ಳಗಿರೋದು ದಡ್ಡರಿಗೆ ಎಂಬ ಮಾತು ನೆನಪಾಯಿತು. ನಮ್ಮೂರಲ್ಲಿ ದಡ್ಡರಿಲ್ಲ ಎಂದು ಒಳಗೊಳಗೇ ಬೀಗಿದೆ. ಒಳಗೆ ತುಂಬ ಚೀಟಿಗಳಿದ್ದವು. ಲೈಬ್ರರಿ ಪುಸ್ತಕದಲ್ಲಿ ಜನ ಏನೇನು ಇಡುತ್ತಾರೋ, ಬಸ್ ಟಿಕೆಟು, ಕೂದಲ ಪಿನ್ನು, ಒಂದು ಸಲ ಒಣಗಿದ ಹಂದಿಮಾಂಸದ ಚೂರು. ಮಾರಾಟಕ್ಕೆ ಇಡುವ ಮೊದಲು ಪುಸ್ತಕವನ್ನು ತಲೆಕೆಳಗು ಮಾಡಿ ಝಾಡಿಸುವುದು ನನ್ನ ಪದ್ಧತಿ. ಝಾಡಿಸಿದೆ. ಚೀಟಿಗಳು ಬುಟ್ಟಿಗೆ ಬಿದ್ದವು. "ತೆಗೆದುಹಾಕಿದೆ" ಎಂಬ ಸೀಲು ಹೊಡೆದೆ.

ಮರುದಿನ ಶನಿವಾರ ಚೀಲ ಮಾರಾಟ. ಒಂದು ನಾಣ್ಯ ಹಾಕಿ, ಒಂದು ಚೀಲದಲ್ಲಿ ಹಿಡಿಸುವಷ್ಟು ಒಯ್ಯಿರಿ. ಮರ್ವ್ ಬಂದು ಬಹಳ ಹೊತ್ತು ಆರಿಸಿದ. ಪುಸ್ತಕಗಳನ್ನು ತೆರೆಯಲಿಲ್ಲ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ದಪ್ಪ ನೋಡುತ್ತಿದ್ದ. ತಿಳಿದವರು ಪುಸ್ತಕವನ್ನು ಮುಟ್ಟಿದರೇ ಸಾಕು, ಅಳೆದುಬಿಡುತ್ತಾರೆ ಎಂದುಕೊಂಡೆ. ಉಳಿದದ್ದನ್ನು ಸೋಮವಾರ ಬೆಳಿಗ್ಗೆ ಹಳೆ ಕಾಗದದ ಲಾರಿಗೆ ತುಂಬಿಸಿದೆ. ಕಸದ ಬುಟ್ಟಿಯೂ ಅದರಲ್ಲೇ ಹೋಯಿತು.

ಅದೇ ಸೋಮವಾರ ಮಧ್ಯಾಹ್ನ ನೋಲೀನ್ ಬಂದಳು. ಕಪಾಟಿನ ಮುಂದೆ ನಿಂತು ಸಾಲಿನ ಮೇಲೆ ಬೆರಳು ಆಡಿಸಿದಳು. ಮತ್ತೆ ಆಡಿಸಿದಳು. ಕೆಳಗಿನ ಸಾಲು, ಮೇಲಿನ ಸಾಲು, ಕಪಾಟಿನ ಹಿಂದುಗಡೆ.

"ಗ್ವೆಂಡಾ, ನನ್ನ ಪುಸ್ತಕ ಎಲ್ಲೇ?"

"ಯಾವುದು?"

"ಹಸಿರುದು. ತಂತಿ ಬೆನ್ನಿಂದು."

"ಓ ಅದಾ! ತೆಗೆದುಹಾಕ್ದೆ ಕಣೇ. ಎರಡು ವರ್ಷದಿಂದ ಒಬ್ರೂ ಓದಿರಲಿಲ್ಲ."

ನೋಲೀನ್ ನನ್ನನ್ನು ನೋಡಿದಳು. ಲಾರಿಯ ತೂಕ ತಪ್ಪಾಗಿ ತೋರಿಸಿದರೆ ಡ್ರೈವರನನ್ನು ಅವಳು ನೋಡುವ ನೋಟ ಅದು.

"ನಾನು ಎರಡು ವರ್ಷದಿಂದ ದಿನಾ ನಿನ್ನ ಮೂಗಿನ ಮುಂದೆ ಕೂತು ಓದಿದ್ದು ಅದನ್ನೇ ಕಣೇ."

"ಅದು... ನೀನು ಇಶ್ಯೂ ಮಾಡಿಸಿರಲಿಲ್ಲ."

"ಇಲ್ಲೇ ಕೂತು ಓದೋದಕ್ಕೆ ಯಾಕೆ ಇಶ್ಯೂ ಮಾಡಿಸ್ಲಿ?"

"ಟ್ರಾಲಿ ಮೇಲಾದ್ರೂ ಬಿಡಬಾರ್ದಿತ್ತಾ?"

"ಜಾಗದಲ್ಲಿ ಇಡ್ತೀನಿ ಅಂತ ಹೊಗಳ್ತಿದ್ದೋಳು ನೀನು ತಾನೆ?"

ಅವಳ ಪರೀಕ್ಷೆ ಗುರುವಾರ. ಅಡಿಲೇಡಿನಿಂದ ಒಬ್ಬ ಹುಡುಗಿ ಬಂದು, ವೇಬ್ರಿಜ್ಜಿನ ಹೊಸ ಕಂಪ್ಯೂಟರನ್ನು ತಾನೇ ನಾಲ್ಕು ಥರ ಕೆಡಿಸಿಕೊಡುತ್ತಾಳೆ, ನೋಲೀನ್ ಮೂರು ಗಂಟೆಯಲ್ಲಿ ಸರಿಮಾಡಬೇಕು. ಬೇಕಾದ ಪುಸ್ತಕ ಇಟ್ಟುಕೊಳ್ಳಬಹುದು ಎಂದು ಕಾಗದದಲ್ಲೇ ಬರೆದಿತ್ತು.

"ಅದಕ್ಯಾಕೆ ಅಳ್ತೀಯ, ಕೆಂಪು ಪುಸ್ತಕ ಕೊಡಿಸ್ತೀನಿ," ಎಂದೆ. ನಿಜ ಹೇಳಬೇಕೆಂದರೆ ಅವಳು ಅಳುತ್ತಿರಲಿಲ್ಲ, ಅಳುವ ಹಾಗಿದ್ದದ್ದು ನಾನು. "ಎರಡೂ ಕೊಡಿಸ್ತೀನಿ. ಸಾವಿರದ ನಾನೂರು ಪುಟ!"

"ಕೆಂಪು ಪುಸ್ತಕ ನಾನು ನೋಡಿದೀನಿ, ಬಂದ ದಿನ. ಅದರಲ್ಲಿ ಎಲ್ಲ ಸರಿಯಾಗಿರೋವಾಗ ಹೇಗಿರುತ್ತೆ ಅಂತ ಇದೆ. ಹಸಿರುದರಲ್ಲಿ ಪ್ರತಿ ಪಾಠದ ಕೊನೇಲೂ 'ಈಗ ನೀವೇ ಇದನ್ನು ಹಾಳುಮಾಡಿ, ಆಮೇಲೆ ಸರಿಮಾಡಿ' ಅಂತ ಇದೆ. ನಾನು ಮಾಡಿದ್ದು ಅದೇ. ಒಂದಿನ ಹಾಳು ಮಾಡೋದು, ಮಾರನೇ ದಿನ ಸರಿ ಮಾಡೋದು."

ಮರ್ವ್‌ಗೆ ಕೊಟ್ಟ ಲ್ಯಾಮಿಂಗ್ಟನ್‌ಗಳೆಲ್ಲ ಒಂದೊಂದಾಗಿ ನನ್ನ ಕಣ್ಣ ಮುಂದೆ ಬಂದು ಹೋದವು. ಅದರ ಜೊತೆಗೇ ಅವನು ಶನಿವಾರ ಒಯ್ದ ಚೀಲವೂ ನೆನಪಾಯಿತು. ಹಸಿರು ಪುಸ್ತಕ ಉಳಿದಿದ್ದರೆ ಅದರಲ್ಲೇ ಉಳಿದಿರಬೇಕು, ಇಲ್ಲದಿದ್ದರೆ ಅದು ಇಷ್ಟು ಹೊತ್ತಿಗೆ ಲಾರಿಯಲ್ಲಿ.

ಐದು ಗಂಟೆಗೆ ನೋಲೀನ್‌ಳನ್ನು ಕಾರಿನಲ್ಲಿ ಕೂರಿಸಿಕೊಂಡು ಮರ್ವ್ ಮನೆಗೆ ಹೋದೆ. ಹಿಂದಿನ ಸೀಟಿನಲ್ಲಿ ಕೌನ್ಸಿಲ್‌ಗೆ ಕೊಡಬೇಕಾಗಿದ್ದ ನನ್ನ ಹೊಸ ವಾರ್ಷಿಕ ವರದಿಯ ಪ್ರತಿಗಳಿದ್ದವು. ಮರ್ವ್ ಬಾಗಿಲು ತೆಗೆದು, ಕಂಪ್ಯೂಟರ್ ಕೋಣೆಗೇ ಕರೆದೊಯ್ದ. ಮೇಜಿನ ಮೇಲೆ ಮಾನಿಟರ್. ಮಾನಿಟರಿನ ಕೆಳಗೆ ಒಂದು ಕೆಂಪು ಪುಸ್ತಕ. ಅದರ ಕೆಳಗೆ ಇನ್ನೊಂದು ಕೆಂಪು ಪುಸ್ತಕ. ಎಲ್ಲದರ ಕೆಳಗೆ, ಎಡಗಡೆಗೆ, ತಂತಿಯ ಬೆನ್ನು ಹೊರಗೆ ಕಾಣುವ ಹಾಗೆ ಹಸಿರು ಪುಸ್ತಕ.

"ಮರ್ವ್, ಈ ಕೆಂಪು ಪುಸ್ತಕಗಳನ್ನ ನೀವು ಓದ್ತಿದೀರಿ ಅಂದ್ಕೊಂಡಿದ್ದೆ."

"ಓದ್ತೀನಲ್ಲ. ಬೇಕಾದಾಗ."

"ಎರಡು ವರ್ಷದಿಂದ ಬೇಕಾಗಲಿಲ್ವಾ?"

"ಗೊತ್ತಿರೋನಿಗೆ ಪುಸ್ತಕ ಯಾಕೆ ಬೇಕು ಗ್ವೆಂಡಾ? ಆದ್ರೆ ಹತ್ತಿರ ಇರಬೇಕು." ಅವನಿಗೆ ಒಂದಿಷ್ಟೂ ನಾಚಿಕೆಯಿಲ್ಲ. "ನೋಡು, ಮೊದಲನೇದು ಕಣ್ಣಿಗೆ ಸರಿಯಾಗಿತ್ತು. ಆಮೇಲೆ ಹರಾಜಲ್ಲಿ ಈ ಕುರ್ಚಿ ತಗೊಂಡೆ, ಎತ್ತರ, ಇಳಿಸೋಕಾಗಲ್ಲ. ಅದಕ್ಕೆ ಎರಡನೇದು ಬೇಕಾಯ್ತು. ನೆಲ ಎಡಕ್ಕೆ ವಾಲಿದೆ, ಈ ಊರಿನ ಜೇಡಿಮಣ್ಣಿನ ಮೇಲೆ ಯಾವ ಮನೆ ನೆಟ್ಟಗಿದೆ ಹೇಳು? ಶನಿವಾರ ಈ ಹಸಿರುದು ಸಿಕ್ತು. ಹೇಳಿ ಮಾಡಿಸಿದ ಹಾಗಿದೆ."

"ಹೊಸ ಮುದ್ರಣ ಹೋಲಿಸಿ ನೋಡ್ತೀನಿ ಅಂದಿದ್ರಲ್ಲ?"

"ನೋಡಿದೆ. ಹೊಸದು ಅರ್ಧ ಇಂಚು ಹೆಚ್ಚು ದಪ್ಪ."

ನೋಲೀನ್ ಮಾನಿಟರ್ ಎತ್ತಲು ಹೋದಳು. ಮರ್ವ್ ಅಡ್ಡ ಬಂದ.

"ಏ ಏ! ಹಸಿರುದು ನಂದು. ನಾನು ಕೊಂಡಿದ್ದು. ಅದು ತೆಗೆದ್ರೆ ನನ್ನ ಪರದೆ ಮತ್ತೆ ವಾಲುತ್ತೆ."

"ಮರ್ವ್, ಇವಳ ಕೆಲಸ ಹೋಗುತ್ತೆ!" ಎಂದು ಕೂಗಿದೆ. ಲೈಬ್ರರಿಯವಳಾಗಿ ಇಪ್ಪತ್ತಾರು ವರ್ಷದಲ್ಲಿ ಅಷ್ಟು ಗಟ್ಟಿಯಾಗಿ ನಾನು ಕೂಗಿದ್ದು ಅದೇ ಮೊದಲು.

"ಹಾಗಾದ್ರೆ ಅಷ್ಟೇ ದಪ್ಪದ್ದು ಇನ್ನೊಂದು ಕೊಡು. ನಾನೇನು ಕಲ್ಲುಮನಸ್ಸಿನವನಲ್ಲ."

ಕಾರಿಗೆ ಓಡಿಹೋಗಿ ನನ್ನ ವಾರ್ಷಿಕ ವರದಿ ತಂದೆ. ಒಂದು ಪ್ರತಿ ಸಾಲಲಿಲ್ಲ. ಎರಡು ಇಟ್ಟೆವು. ಮರ್ವ್ ಕುರ್ಚಿಯಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿ, "ಇದು ಅದಕ್ಕಿಂತಲೂ ಚೆನ್ನಾಗಿದೆ ಕಣೇ" ಎಂದ. ನನ್ನ ವರದಿಯನ್ನು ಅಷ್ಟು ಮನಸಾರೆ ಮೆಚ್ಚಿದವರು ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ.

ನಗು ಬರುವಂಥ ಗಳಿಗೆ. ಆದರೆ ನೋಲೀನ್ ಹಸಿರು ಪುಸ್ತಕವನ್ನು ತೆರೆದು ಪುಟ ಮಗುಚುತ್ತಿದ್ದಳು. ಮೊದಲು ನಿಧಾನವಾಗಿ, ಆಮೇಲೆ ಬೇಗ ಬೇಗ.

"ಇದರೊಳಗಿನ ಚೀಟಿಗಳು?"

ಅವಳು ಪುಸ್ತಕವನ್ನು ನನ್ನತ್ತ ಚಾಚಿದಳು.

"ತೂಕದ ಚೀಟಿಗಳು ಗ್ವೆಂಡಾ. ಅವುಗಳ ಬೆನ್ನಿಗೆ ನಾನು ಬರೆದಿದ್ದೆ. ಯಾವ ಥರ ಕೆಟ್ರೆ ಯಾವ ಕಮಾಂಡು, ಯಾವುದು ಮೊದಲು, ಯಾವುದು ಆಮೇಲೆ. ಪುಸ್ತಕದ ಮೇಲೆ ಬರೀಬಾರದು ಅಂತ ಚೀಟೀಲಿ ಬರೆದು ಆಯಾ ಪುಟದಲ್ಲೇ ಇಟ್ಟಿದ್ದೆ."

"ಝಾಡಿಸ್ದೆ," ಎಂದೆ. "ಬುಟ್ಟಿಗೆ ಹಾಕ್ದೆ. ಲಾರಿ ಬೆಳಿಗ್ಗೆ ಹೋಯ್ತು."

ಅವಳು ಹೊರಗೆ ಹೋಗಿ ಮರ್ವ್ ಮನೆಯ ಮೆಟ್ಟಿಲ ಮೇಲೆ ಕೂತಳು. ನಾನು ಪಕ್ಕದಲ್ಲಿ ನಿಂತೆ, ಕೂರಲು ಧೈರ್ಯ ಬರಲಿಲ್ಲ. ಅವಳು ನನಗೆ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಪುಸ್ತಕದ ಮೇಲೆ ಗೀಚುವವರನ್ನು, ಹಾಳೆ ಮಡಿಸುವವರನ್ನು, ತಡವಾಗಿ ತರುವವರನ್ನು ಇಷ್ಟು ವರ್ಷ ಹಿಡಿದು ಹಿಡಿದು ಬೈದವಳು ನಾನು. ಈ ಒಬ್ಬಳು ಯಾವ ತಪ್ಪನ್ನೂ ಮಾಡಿರಲಿಲ್ಲ. ಮಾಡದೇ ಇದ್ದದ್ದಕ್ಕೇ ಎಲ್ಲ ಕಳೆದುಕೊಂಡಳು. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

"ಅರವತ್ತಮೂರು ಇದ್ವು," ಎಂದಳು. ಆಮೇಲೆ ಕೋಟಿನ ಜೇಬಿನಿಂದ ಖಾಲಿ ಚೀಟಿಗಳ ಒಂದು ಕಟ್ಟು ತೆಗೆದು ನನ್ನ ಕೈಗೆ ತುರುಕಿದಳು. "ಪೆನ್ ಇದೆಯಾ? ಇದ್ರೆ ಬರಿ. ನಾನು ಹೇಳ್ತೀನಿ. ನಿನ್ನ ಅಕ್ಷರ ಸ್ಕೂಲಲ್ಲೂ ಚೆನ್ನಾಗಿತ್ತು, ಬೇರೆ ಏನೂ ಇಲ್ದಿದ್ರೂ."

ಆ ಸಂಜೆ ಮೆಟ್ಟಿಲ ಮೇಲೆ ಕೂತು, ಮಂಗಳವಾರ ಬುಧವಾರ ಮಧ್ಯಾಹ್ನ ಲೈಬ್ರರಿಯಲ್ಲಿ ಕೂತು ಬರೆದೆ. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ನನಗೆ ಅರ್ಥವಾಗಲಿಲ್ಲ. ಆದರೂ ಚುಕ್ಕೆ, ಗೆರೆ, ಖಾಲಿ ಜಾಗ ಎಲ್ಲವನ್ನೂ ಅವಳು ಹೇಳಿದ ಹಾಗೆಯೇ ಇಟ್ಟೆ. ಮರ್ವ್ ಒಮ್ಮೆ ಬಂದು ಇಣುಕಿ, "ಇಷ್ಟೆಲ್ಲ ಯಾಕೆ, ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ" ಎಂದ. ನೋಲೀನ್ ತಲೆ ಎತ್ತದೆ, "ಮರ್ವ್, ಆ ಮೂಲೇಲಿ ಕೇಕ್ ಇದೆ, ತಿಂದ್ಕೊಂಡು ಹೋಗಿ" ಎಂದಳು. ಅವನು ತಿಂದುಕೊಂಡು ಹೋದ.

ಐವತ್ತನಾಲ್ಕು ನೆನಪಾದವು. ಒಂಬತ್ತು ಏನು ಮಾಡಿದರೂ ಬರಲಿಲ್ಲ.

ಗುರುವಾರ ನಾನು ಲೈಬ್ರರಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದೆ. ಒಬ್ಬಾತ ಬಂದು ಇತಿಹಾಸದ್ದು ಏನಾದರೂ ಗಟ್ಟಿಯಾದ್ದು ಕೇಳಿದ, ನೇರವಾಗಿ ಕೊಲೆ ಕಾದಂಬರಿಗಳ ಕಪಾಟು ತೋರಿಸಿದೆ. ಎರಡೂವರೆಗೆ ನೋಲೀನ್ ಬಂದಳು. ಮುಖದ ತುಂಬ ಬೆವರು, ಕಂಕುಳಲ್ಲಿ ಹಸಿರು ಪುಸ್ತಕ.

"ಮೂರು ಬೇಗ ಆದ್ವು," ಎಂದಳು. "ಅರ್ಧ ಗಂಟೆ. ಆ ಹುಡುಗಿ ಕಣ್ಣು ಕಣ್ಣು ಬಿಡ್ತಿದ್ಲು."

"ನಾಲ್ಕನೇದು?"

"ಆ ಒಂಬತ್ತರಲ್ಲಿ ಒಂದು."

ಅವಳು ತೋಳಿನಿಂದ ಬೆವರು ಒರೆಸಿಕೊಂಡಳು.

"ಚೀಟಿ ಇದ್ದಿದ್ರೆ ಎರಡು ನಿಮಿಷದ ಕೆಲಸ. ಪುಸ್ತಕ ಮೊದಲನೇ ಪುಟದಿಂದ ಹುಡುಕಿದೆ. ಎರಡು ಗಂಟೆ ಇಪ್ಪತ್ತು ನಿಮಿಷ ಗ್ವೆಂಡಾ, ನಿನ್ನನ್ನ ಬೈಕೊಂಡೇ ಹುಡುಕಿದೆ. ಹತ್ತು ನಿಮಿಷ ಇರೋವಾಗ ಸಿಕ್ತು. ಪಾಸು."

ನಾನು ಕೌಂಟರಿನ ಆಚೆ ಹೋಗಿ ಅವಳನ್ನು ತಬ್ಬಿಕೊಂಡು ಅತ್ತೆ. ಅವಳು ನನ್ನ ಬೆನ್ನು ತಟ್ಟುತ್ತಲೇ ಇನ್ನೊಂದು ಕೈಯಲ್ಲಿ ಹಸಿರು ಪುಸ್ತಕವನ್ನು ಕಪಾಟಿನ ಅದೇ ಜಾಗದಲ್ಲಿ ತುರುಕಿದ್ದು ಆಮೇಲೆ ಗೊತ್ತಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪರೀಕ್ಷೆ ಮಾಡಿದ ಹುಡುಗಿ ಅಡಿಲೇಡಿಗೆ ಹೋಗಿ, ವಿರಾಬಿಯ ಹೆಂಗಸೊಬ್ಬಳು ಲೈಬ್ರರಿ ಪುಸ್ತಕ ಓದಿಯೇ ಎಲ್ಲ ಕಲಿತಿದ್ದಾಳೆ, ಆ ಪುಸ್ತಕ ಎಲ್ಲ ವೇಬ್ರಿಜ್ಜಿಗೂ ಕೊಡಿಸಿ ಎಂದು ಬರೆದಳಂತೆ. ಪುಸ್ತಕದ ಹೆಸರು ಬರೆಯಲು ಮರೆತಳು. ಕಂಪನಿಯವರು ನಮ್ಮ ಕೌನ್ಸಿಲ್‌ಗೆ ಫೋನ್ ಮಾಡಿ, ನಿಮ್ಮಲ್ಲಿ ಲಿನಕ್ಸ್ ಕಲಿಯಲು ಅತಿ ಹೆಚ್ಚು ಓದುವ ಪುಸ್ತಕ ಯಾವುದು ಎಂದು ಕೇಳಿದರು. ಕೌನ್ಸಿಲ್ ಗುಮಾಸ್ತ ನನ್ನನ್ನು ಕೇಳುವ ಗೋಜಿಗೆ ಹೋಗದೆ ವಾರ್ಷಿಕ ವರದಿ ತೆರೆದು ಉತ್ತರ ಹೇಳಿದ. ನಾನು ಬರೆದ ವರದಿ, ನನ್ನದೇ ಸಹಿ. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಹನ್ನೊಂದು ವೇಬ್ರಿಜ್ಜುಗಳಿಗೆ ಹನ್ನೊಂದು ಕೆಂಪು ಪುಸ್ತಕ ಹೊರಟಾಗಿತ್ತು.

ನೋಲೀನ್ ಈಗಲೂ ಸುಗ್ಗಿಯಿಲ್ಲದ ದಿನಗಳಲ್ಲಿ ಮಧ್ಯಾಹ್ನ ಬರುತ್ತಾಳೆ. ಬೇರೆ ಊರಿನ ವೇಬ್ರಿಜ್ಜಿನ ಇಬ್ಬರು ಹೆಂಗಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಮ್ಮ ಕಂಪ್ಯೂಟರನ್ನು ಹಾಳುಮಾಡುವುದು ಕಲಿಸುತ್ತಾಳೆ. ಹೋಗುವಾಗ ಹಸಿರು ಪುಸ್ತಕವನ್ನು ಜಾಗದಲ್ಲೇ ಇಡುತ್ತಾಳೆ, ಎಷ್ಟು ಹೇಳಿದರೂ ಟ್ರಾಲಿಗೆ ಬಿಡಲು ಅವಳ ಕೈ ಒಪ್ಪುವುದಿಲ್ಲ. 'ತೆಗೆದುಹಾಕಿದೆ' ಎಂಬ ಸೀಲಿನ ಪಕ್ಕದಲ್ಲೇ ನಾನು ಹೊಸ ಬಾರ್‌ಕೋಡ್ ಅಂಟಿಸಿದ್ದೇನೆ. ಅವಳು ಹೋದ ಮೇಲೆ ಪುಸ್ತಕವನ್ನು ತೆಗೆದು, ಚೀಟಿ ಬೀಳದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಯಂತ್ರಕ್ಕೆ ತೋರಿಸಿ, ಮತ್ತೆ ಅಲ್ಲೇ ಇಡುತ್ತೇನೆ.

ಆ ವರ್ಷದ ಡಿಸೆಂಬರಿನಲ್ಲಿ, ಸುಗ್ಗಿಯ ಲಾರಿಗಳು ಸಾಲುಗಟ್ಟಿ ನಿಂತಿದ್ದ ಒಂದು ದಿನ, ಅವಳು ವೇಬ್ರಿಜ್ಜಿನಿಂದ ಫೋನ್ ಮಾಡಿದಳು.

"ಗ್ವೆಂಡಾ, ನಮಗೂ ಕೆಂಪು ಪುಸ್ತಕ ಬಂತು ಕಣೇ."

"ನನ್ನನ್ನ ಕೊಲ್ಲಬೇಡ. ಏನು ಮಾಡ್ದೆ ಅದನ್ನ?"

"ಮಾನಿಟರ್ ಕೆಳಗಿಟ್ಟೆ. ಕತ್ತು ನೋವು ಹೋಯ್ತು. ಮರ್ವ್‌ಗೆ ಹೇಳು, ಅವರು ಸರಿಯಾಗೇ ಆರಿಸಿದ್ರು." ಹಿಂದಿನಿಂದ ಲಾರಿಯವನೊಬ್ಬ ಹಾರ್ನ್ ಹೊಡೆಯುತ್ತಿದ್ದ. "ತಡಿಯೋ, ಬಂದೆ! ಗ್ವೆಂಡಾ, ಚೀಟಿ ತಗೊ. ಅದನ್ನ ಕೆಳಗೆ ತಳ್ಳುವಾಗ ಉಳಿದ ಎಂಟರಲ್ಲಿ ಒಂದು ನೆನಪಾಯ್ತು. ಬರ್ಕೊ ಬೇಗ."

ಚೀಟಿ ತೆಗೆದುಕೊಂಡು ಬರೆದೆ, ಹಸಿರು ಪುಸ್ತಕದ ನೂರಾ ಹನ್ನೆರಡನೆಯ ಪುಟದಲ್ಲಿ ಇಟ್ಟೆ. ಆ ಕೆಂಪು ಪುಸ್ತಕದಿಂದ ನಮ್ಮೂರಲ್ಲಿ ಯಾರಿಗಾದರೂ ಏನಾದರೂ ಹೊಳೆದದ್ದು ಅದೊಂದೇ ಸಲ. ಉಳಿದ ಏಳು ಇನ್ನೂ ಬಂದಿಲ್ಲ. ಅವಳು ಅವುಗಳ ಮಾತೆತ್ತುವುದಿಲ್ಲ, ನಾನು ಖಾಲಿ ಚೀಟಿಗಳ ಕಟ್ಟನ್ನು ಫೋನಿನ ಪಕ್ಕದಿಂದ ತೆಗೆಯುವುದಿಲ್ಲ.